1969ರ ಷೆವ್ರೊಲೆ ಸಿ10 ಪಿಕಪ್: 6 ಬೋಲ್ಟಿನ ಚಕ್ರದಿಂದ 5 ಬೋಲ್ಟಿಗೆ ಹೋಗುವುದು ಹೇಗೆ?

ಕಬ್ಬಿನಗದ್ದೆ (ಆಸ್ಟಿನ್, ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಕಡೆಯವನು, ಈಗ ಆಸ್ಟಿನ್ ಹತ್ತಿರ ಇದ್ದೇನೆ. ಹೋದ ದೀಪಾವಳಿ ಹೊತ್ತಿಗೆ ನಮ್ಮ ಬೀದಿಯ ಹಿರಿಯರೊಬ್ಬರಿಂದ 1969ರ ಷೆವ್ರೊಲೆ ಸಿ10 ಪಿಕಪ್ ತಗೊಂಡೆ. ಉದ್ದ ತೊಟ್ಟಿಯ ಗಾಡಿ, 127 ಇಂಚು ವೀಲ್‌ಬೇಸ್. 250 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಎಂಜಿನ್. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇದೆ, ಹಳೇ ಅಂಬಾಸಿಡರ್ ಕಾರಿನ ಹಾಗೆ. ಕೂತು ಮೊದಲ ಸಲ ಗೇರ್ ಹಾಕಿದಾಗ ನಮ್ಮ ಮಾವನ ಕಾರು ನೆನಪಾಯಿತು. ಅಲ್ಲಿಗೇ ನಾನು ಸೋತೆ, ಚೌಕಾಸಿ ಕೂಡ ಮಾಡಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಗಾಡಿಗೆ 6 ಬೋಲ್ಟಿನ ಚಕ್ರಗಳಿವೆ. ನನಗೆ ಮೊದಲಿನಿಂದಲೂ ಷೆವ್ರೊಲೆಯ ಮೂಲ ಕಂಪನಿ ಜಿಎಂನ ರ‍್ಯಾಲಿ ವೀಲ್ ಅಂದರೆ ಇಷ್ಟ, ಸುತ್ತ ಕಿಂಡಿಗಳಿರುವ ಉಕ್ಕಿನ ಚಕ್ರ ಅದು. ಮೊನ್ನೆ ಇಲ್ಲೇ ಒಬ್ಬರ ಶೆಡ್ಡಿನಲ್ಲಿ 15×8 ಇಂಚಿನ (ಅಡ್ಡಳತೆ 15, ಅಗಲ 8) ನಾಲ್ಕು ರ‍್ಯಾಲಿ ವೀಲ್ ಸಿಕ್ಕವು, ತುಕ್ಕು ಕಮ್ಮಿ, ತಂದುಬಿಟ್ಟೆ. ಆದರೆ ಅವು 5 ಬೋಲ್ಟಿನವು. ಹಬ್ಬಿಗೂ ಚಕ್ರಕ್ಕೂ ಮಧ್ಯೆ ಅಡಾಪ್ಟರ್ ತಟ್ಟೆ ಹಾಕಿದರೆ ಸಾಕಾ, ಅಥವಾ ಹಬ್ಬು, ಆಕ್ಸಲ್ಲು ಎಲ್ಲ ಬದಲಿಸಬೇಕಾ? ಮನೆಯಲ್ಲಿ ಎರಡು ಮಕ್ಕಳಿದ್ದಾರೆ, ಅವರನ್ನೂ ಕೂರಿಸಿಕೊಂಡು ಓಡಿಸುವ ಗಾಡಿ. ಹಾಗಾಗಿ ದುಡ್ಡಿಗಿಂತ ಭದ್ರತೆ ಮುಖ್ಯ.

ಆಗುಂಬೆಮಳೆ (ಡಿಟ್ರಾಯಿಟ್ ಹತ್ತಿರ)

ಅಭಿನಂದನೆಗಳು! ಒಳ್ಳೇ ಗಾಡಿ ತಗೊಂಡಿದ್ದೀರಿ. ನನ್ನ ಹತ್ತಿರ ಇದೇ ತಲೆಮಾರಿನ 1970ರದ್ದು ಇದೆ. ಐದು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದು ಓಡಾಡಿದವನು. ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ನಮ್ಮ ಗಾಡಿಯ ಹಿನ್ನೆಲೆ ತಿಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸಿ10 ಅನ್ನುವ ಹೆಸರು ಬಂದದ್ದು 1960ರ ಮಾಡೆಲ್‌ನಲ್ಲಿ. ಸಿ ಅಂದರೆ ಎರಡು ಚಕ್ರಕ್ಕೆ ಮಾತ್ರ ಎಳೆತ, ಕೆ ಅಂದರೆ ನಾಲ್ಕೂ ಚಕ್ರಕ್ಕೆ. 10 ಅಂದರೆ ಅರ್ಧ ಟನ್ ವರ್ಗ. 1960ರಿಂದ 1970ರವರೆಗೆ ಸಿ10ಗೆ ಬಂದದ್ದು 6 ಬೋಲ್ಟು, 5.5 ಇಂಚಿನ ಸುತ್ತು, ಅಂದರೆ ಬೋಲ್ಟುಗಳ ನಡುಬಿಂದು ಮುಟ್ಟಿ ಎಳೆದ ವೃತ್ತದ ಅಡ್ಡಳತೆ. ನಮ್ಮೂರಿನ ಟೈರ್ ಅಂಗಡಿ ಭಾಷೆಯಲ್ಲಿ ಹೇಳಬೇಕು ಅಂದರೆ ಪಿಸಿಡಿ 6×139.7 (ಮಿಮೀ). 1971ರಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಡಲು ಶುರು ಮಾಡಿದರು. ಆಗಲೇ ಸಿ10ನ ಬೋಲ್ಟನ್ನೂ 5ಕ್ಕೆ ಇಳಿಸಿದರು, ಸುತ್ತು 5 ಇಂಚು, ಅಂದರೆ 5×127. ನಾಲ್ಕು ಚಕ್ರ ಎಳೆಯುವ ಕೆ10 ಮಾತ್ರ 6 ಬೋಲ್ಟಿನಲ್ಲೇ ಉಳಿಯಿತು.

ಇದರಲ್ಲಿ ಗಮನಿಸಬೇಕಾದದ್ದು ಏನು ಅಂದರೆ, ನಿಮ್ಮ 1969ರ ಗಾಡಿಯೂ 1971, 72ರ ಗಾಡಿಯೂ ಒಂದೇ ತಲೆಮಾರು. 1967ರಿಂದ 72ರವರೆಗೆ ಚಾಸಿ ಒಂದೇ. ನೀವು ಮಾಡಬೇಕು ಅಂತಿರುವ ಬದಲಾವಣೆಯನ್ನು ಕಂಪನಿಯವರೇ ಎರಡು ವರ್ಷ ಆದ ಮೇಲೆ ಮಾಡಿದ್ದಾರೆ. ಅವರು ನಡೆದ ದಾರಿಯಲ್ಲೇ ನಡೆಯಿರಿ. ನನ್ನ ಅಭಿಪ್ರಾಯ ಇಷ್ಟೇ: ಬರೀ ಚಕ್ರದ ಆಸೆಗೆ ಬೋಲ್ಟು ಬದಲಿಸಬೇಡಿ. ಮುಂದೆ ಡಿಸ್ಕ್ ಬ್ರೇಕ್ ಹಾಕಿಸಿ, 5 ಬೋಲ್ಟು ಅದರ ಜೊತೆ ತಾನಾಗಿಯೇ ಬರುತ್ತದೆ.

ಹೈವೇಹಕ್ಕಿ (ಡಲ್ಲಾಸ್)

ಸರ್, ನಾನು ನಾಲ್ಕು ವರ್ಷದಿಂದ ಅಡಾಪ್ಟರ್ ಹಾಕಿಕೊಂಡು ಓಡಿಸುತ್ತಿದ್ದೇನೆ. ಏನೂ ಆಗಿಲ್ಲ. ಒಳ್ಳೇ ಅಲ್ಯೂಮಿನಿಯಂ ಬಿಲ್ಲೆಟ್‌ನಲ್ಲಿ ಕೊರೆದದ್ದು ತಗೊಳ್ಳಿ, ಹಬ್ಬಿನ ಮೇಲೆ ಬಿಗಿಯಾಗಿ ಕೂರುವಂಥದ್ದು. ಟಾರ್ಕ್ ರೆಂಚ್ (ಬಿಗಿ ಎಷ್ಟು ಅಂತ ಅಳೆಯುವ ಪಾನಾ) ಇಟ್ಟು ಬಿಗಿ ಮಾಡಿ. ವಾರಾಂತ್ಯಕ್ಕೆ ಓಡಿಸುವ ಗಾಡಿಗೆ ಆಕ್ಸಲ್ ಎಲ್ಲ ಬಿಚ್ಚುವುದು ಜಾಸ್ತಿ ಆಯ್ತು ಅನ್ಸುತ್ತೆ.

ಕಾವೇರಿತೀರ (ಫೀನಿಕ್ಸ್)

ನಮಸ್ತೆ. ಹೈವೇಹಕ್ಕಿ ಅವರೇ, ನಿಮಗೆ ನಾಲ್ಕು ವರ್ಷ ತೊಂದರೆ ಆಗದೇ ಇರುವುದು ಸಂತೋಷ. ಆದರೆ ನನಗೆ ಆಗಿದೆ, ಅದನ್ನು ಹೇಳದೆ ಇರಲಾರೆ.

ನಮ್ಮದು 1966ರ ಸಿ10. ನನ್ನ ಯಜಮಾನರೂ ನಾನೂ ಸೇರಿ ಅಡಾಪ್ಟರ್ ಹಾಕಿದ್ದೆವು. ಮೊದಲ ತಿಂಗಳು ಚೆನ್ನಾಗಿಯೇ ಇತ್ತು. ಒಂದು ದಿನ ಟಕ್ ಟಕ್ ಅಂತ ಸಣ್ಣ ಸದ್ದು ಶುರುವಾಯಿತು. ವೇಗ ಕಮ್ಮಿ ಇದ್ದಾಗ ಮಾತ್ರ ಕೇಳುತ್ತಿತ್ತು, ಜೋರಾಗಿ ಹೋದರೆ ಗಾಳಿ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ಹೊರಗಿನ ನಟ್ಟು ಪಾನಾ ಹಾಕಿ ನೋಡಿದರೆ ಎಲ್ಲ ಬಿಗಿಯಾಗಿವೆ. ಎರಡು ದಿನ ಹಾಗೇ ಓಡಿಸಿದೆವು. ಮೂರನೇ ದಿನ ಜಾಕಿ ಕೊಟ್ಟು ಚಕ್ರ ಬಿಚ್ಚಿದೆ. ಒಳಗೆ ಅಡಾಪ್ಟರನ್ನು ಹಬ್ಬಿಗೆ ಹಿಡಿದಿದ್ದ 6 ನಟ್ಟುಗಳಲ್ಲಿ ಎರಡು ಕೈಯಲ್ಲೇ ತಿರುಗಿದವು. ಅಡಾಪ್ಟರಿನ ತೂತುಗಳು ಗುಂಡಗಿರಲಿಲ್ಲ, ಕೋಳಿಮೊಟ್ಟೆ ಆಕಾರಕ್ಕೆ ತಿರುಗಿದ್ದವು. ಸುತ್ತ ಬೂದಿ ಬಣ್ಣದ ಪುಡಿ ಮೆತ್ತಿಕೊಂಡಿತ್ತು. ಬೆರಳಲ್ಲಿ ಒರೆಸಿದರೆ ಮಿಂಚುತ್ತಿತ್ತು, ಅಲ್ಯೂಮಿನಿಯಂ ತೇದ ಪುಡಿ.

ಇದರಲ್ಲಿ ಕಷ್ಟ ಏನಪ್ಪಾ ಅಂದರೆ, ಒಳಗಿನ ನಟ್ಟು ಹೊರಗೆ ಕಾಣುವುದಿಲ್ಲ. ಚಕ್ರ ಬಿಚ್ಚದೆ ಅದನ್ನು ನೋಡುವ ದಾರಿಯೇ ಇಲ್ಲ. ಯಾರು ತಿಂಗಳು ತಿಂಗಳು ಚಕ್ರ ಬಿಚ್ಚಿ ನೋಡುತ್ತಾರೆ ಹೇಳಿ? ನಮ್ಮದು ಅಗ್ಗದ ಮಾಲು, ಹಬ್ಬಿನ ಮೇಲೆ ಕೂರುವಂಥದ್ದೂ ಅಲ್ಲ, ಎಲ್ಲ ಭಾರವೂ ಸ್ಟಡ್, ಅಂದರೆ ನಟ್ಟು ಕೂರುವ ಬೋಲ್ಟಿನ ಮೇಲೇ ಬಿದ್ದಿತ್ತು. ತಪ್ಪು ಅಲ್ಲೂ ಇತ್ತು. ಆದರೂ ಮಕ್ಕಳನ್ನು ಕೂರಿಸುವ ಗಾಡಿ ಅಂತ ನೀವು ಬರೆದದ್ದು ನೋಡಿ ಇದನ್ನು ಹೇಳಲೇಬೇಕು ಅನ್ನಿಸಿತು.

ಹೈವೇಹಕ್ಕಿ (ಡಲ್ಲಾಸ್)

ಅಕ್ಕಾ, ನೀವು ಹೇಳಿದ್ದು ಓದಿ ಈ ಶನಿವಾರ ನಾಲ್ಕೂ ಚಕ್ರ ಬಿಚ್ಚಿ ನೋಡುತ್ತೇನೆ. ನನ್ನದು ಹಬ್ಬಿನ ಮೇಲೆ ಕೂರುವ ಥರದ್ದೇ. ಆದರೆ ಒಂದೂವರೆ ವರ್ಷದಿಂದ ಒಳಗಿನ ನಟ್ಟು ಮುಟ್ಟಿಲ್ಲ ಅನ್ನುವುದು ನಿಜ.

ಲೇತ್‌ಮನೆ (ಹಾಸನ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಲೇತ್ ಇಟ್ಟುಕೊಂಡಿದ್ದೇನೆ. ಅಮೆರಿಕದ ಗಾಡಿ ನಾನು ಕೈಯಲ್ಲಿ ಮುಟ್ಟಿಲ್ಲ, ಆದರೆ ಹಳೇ ಜೀಪುಗಳ ಕೆಲಸ ಅಪ್ಪನ ಕಾಲದಿಂದ ಮಾಡುತ್ತಿದ್ದೇವೆ. ಕಾಫಿ ತೋಟದ ಜೀಪುಗಳೇ ನಮಗೆ ಅನ್ನ. ಜೀಪಿನದ್ದು 5 ಬೋಲ್ಟು, ಆದರೆ ಸುತ್ತು ನಿಮ್ಮ 6 ಬೋಲ್ಟಿನದ್ದೇ, 139.7 ಮಿಮೀ.

ನನ್ನ ಪ್ರಶ್ನೆ. ಆ ಹಬ್ಬು ಮತ್ತು ಆಕ್ಸಲ್ ತಟ್ಟೆಯಲ್ಲೇ ಹಳೆ ತೂತಿನ ನಡುವೆ ಹೊಸದಾಗಿ 5 ತೂತು ಕೊರೆದು ಸ್ಟಡ್ ಒತ್ತಿದರೆ ಆಗುವುದಿಲ್ಲವೇ? ಇಲ್ಲಿ 5ರಿಂದ ಬೇರೆ ಸುತ್ತಿನ 5ಕ್ಕೆ ಹೋಗುವಾಗ ಹಾಗೆ ಮಾಡಿಕೊಟ್ಟಿದ್ದೇವೆ. 36 ಡಿಗ್ರಿ ತಿರುಗಿಸಿದರೆ ಹೊಸ ತೂತು ಸರಿಯಾಗಿ ಎರಡು ಹಳೆ ತೂತಿನ ಮಧ್ಯಕ್ಕೆ ಬರುತ್ತದೆ, ತೊಂದರೆ ಇಲ್ಲ.

ಇನ್ನೊಂದು ಮಾತು. ಹಳೇ ವಿಲ್ಲಿಸ್ ಜೀಪಿನ ಎಡಗಡೆ ಚಕ್ರಕ್ಕೆ ಉಲ್ಟಾ ಥ್ರೆಡ್ ಇರುತ್ತದೆ. ಗೊತ್ತಿಲ್ಲದ ಹುಡುಗರು ಪಾನಾಕ್ಕೆ ಪೈಪು ಸಿಕ್ಕಿಸಿ ತಿರುಗಿಸಿ ಸ್ಟಡ್ ಮುರಿದುಕೊಂಡು ಬರುತ್ತಾರೆ. ಹಳೇ ಗಾಡಿ ಯಾವುದೇ ಇರಲಿ, ಮೊದಲು ಸ್ಟಡ್ಡಿನ ತುದಿಯಲ್ಲಿ ಗುರುತು ಏನಾದರೂ ಇದೆಯಾ ಅಂತ ಬಟ್ಟೆಯಲ್ಲಿ ಒರೆಸಿ ನೋಡಿ.

ಅಳತೆಪಟ್ಟಿ (ಪೀಣ್ಯ, ಬೆಂಗಳೂರು)

ಲೇತ್‌ಮನೆ ಸರ್ ಪ್ರಶ್ನೆ ಬಹಳ ಚೆನ್ನಾಗಿದೆ. ನಾನು ಮೆಷಿನ್ ಡಿಸೈನ್ ಕೆಲಸದಲ್ಲಿದ್ದೇನೆ, ಕೂತು ಲೆಕ್ಕ ಹಾಕಿ ನೋಡಿದೆ. 5ರಿಂದ 5ಕ್ಕೆ ಹೋಗುವುದು ಬೇರೆ, 6ರಿಂದ 5ಕ್ಕೆ ಹೋಗುವುದು ಬೇರೆ.

6 ತೂತು ಅಂದರೆ 60 ಡಿಗ್ರಿಗೊಂದು. 5 ತೂತು ಅಂದರೆ 72 ಡಿಗ್ರಿಗೊಂದು. ವ್ಯತ್ಯಾಸ 12 ಡಿಗ್ರಿ. ಒಂದು ಹೊಸ ತೂತನ್ನು ಹಳೆಯದರ ನೇರಕ್ಕೆ ಇಟ್ಟರೆ, ಮುಂದಿನದು ಹಳೆಯದರಿಂದ 12 ಡಿಗ್ರಿ ಸರಿಯುತ್ತದೆ, ಅದರ ಮುಂದಿನದು 24, ಹೀಗೆ. ಈಗ ಐದರ ಗುಂಪನ್ನೇ ತಿರುಗಿಸಿ ಎಲ್ಲೇ ಇಡಿ, ಒಂದಲ್ಲ ಒಂದು ಹೊಸ ತೂತು ಯಾವುದಾದರೂ ಹಳೆ ತೂತಿನಿಂದ 6 ಡಿಗ್ರಿ ಒಳಗೇ ಬಂದು ಬೀಳುತ್ತದೆ. ಅದಕ್ಕಿಂತ ದೂರ ಇಡಲು ಸಾಧ್ಯವೇ ಇಲ್ಲ.

ಹಳೆ ಸುತ್ತಿನ ಅರ್ಧ 2.75 ಇಂಚು, ಹೊಸದರ ಅರ್ಧ 2.5 ಇಂಚು. 6 ಡಿಗ್ರಿ ಅಂತರದಲ್ಲಿ ಎರಡು ತೂತಿನ ನಡು ಬಿಂದುಗಳ ದೂರ 0.37 ಇಂಚು ಬರುತ್ತದೆ, ಅಂದರೆ 9.4 ಮಿಮೀ. ಸ್ಟಡ್ ಕೂರುವ ತೂತೇ ಸುಮಾರು 12 ಮಿಮೀ. ಅಲ್ಲಿಗೆ ಎರಡು ತೂತು ಒಂದರೊಳಗೊಂದು ಹೋಗುತ್ತವೆ. ಸ್ಟಡ್ಡಿನ ಹಲ್ಲು ಕಚ್ಚಿ ಹಿಡಿಯುವುದಕ್ಕೆ ಸುತ್ತ ಪೂರ್ತಿ ಲೋಹವೇ ಇರುವುದಿಲ್ಲ. ಹಳೆ ತೂತನ್ನು ವೆಲ್ಡ್ ಮಾಡಿ ತುಂಬಿ ಕೊರೆಯಬಹುದು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಆಕ್ಸಲ್ ತಟ್ಟೆಗೆ ವೆಲ್ಡಿಂಗ್ ಬಿಸಿ ಕೊಟ್ಟರೆ ಉಕ್ಕಿನ ಗುಣವೇ ಬದಲಾಗಿ ಬಿರುಕಿಗೆ ದಾರಿ ಆಗುತ್ತದೆ.

ಲೇತ್‌ಮನೆ (ಹಾಸನ)

ಬಹಳ ಸಂತೋಷ ಆಯ್ತು ಸರ್. ಹಾಳೆ ಮೇಲೆ ಕಂಪಾಸಿನಲ್ಲಿ ಎಳೆದು ನೋಡಿದೆ. ನೀವು ಹೇಳಿದ ಹಾಗೇ, ಎಲ್ಲಿಟ್ಟರೂ ಒಂದು ಜಾಗದಲ್ಲಿ ತಾಗುತ್ತದೆ. ನಮ್ಮ ಹುಡುಗರಿಗೂ ತೋರಿಸಿದೆ, ಹಾಳೆಯನ್ನು ಗೋಡೆಗೆ ಅಂಟಿಸಿದ್ದೇನೆ.

ಆಗುಂಬೆಮಳೆ (ಡಿಟ್ರಾಯಿಟ್ ಹತ್ತಿರ)

ಕಬ್ಬಿನಗದ್ದೆ ಅವರೇ, ಒಂದು ಕೆಲಸ ಮಾಡಿ. ಏನೂ ತರಿಸುವ ಮೊದಲು ಆ ರ‍್ಯಾಲಿ ಚಕ್ರದ ಪಿಸಿಡಿ ನೀವೇ ಅಳೆಯಿರಿ. ಮಾರಿದವರ ಮಾತು ನಂಬಬೇಡಿ. 5 ಬೋಲ್ಟಿನಲ್ಲಿ ಎದುರುಬದುರು ತೂತು ಇರುವುದಿಲ್ಲ, ಅದಕ್ಕೇ ಜನ ತಪ್ಪು ಅಳೆಯುತ್ತಾರೆ. ಪಕ್ಕಪಕ್ಕದ ಎರಡು ತೂತಿನ ನಡುವಿನಿಂದ ನಡುವಿಗೆ ವರ್ನಿಯರ್ ಇಡಿ. ಬಂದದ್ದನ್ನು 1.701ರಿಂದ ಗುಣಿಸಿ. 74.6 ಮಿಮೀ ಬಂದರೆ ಅದು 5×5 ಇಂಚು. 6 ಬೋಲ್ಟಿಗೆ ಇನ್ನೂ ಸುಲಭ, ಪಕ್ಕದ ಎರಡರ ದೂರದ ಎರಡರಷ್ಟೇ ಸುತ್ತು.

ಕಬ್ಬಿನಗದ್ದೆ (ಆಸ್ಟಿನ್, ಟೆಕ್ಸಾಸ್)

ಎಲ್ಲರಿಗೂ ಧನ್ಯವಾದ. ಕಾವೇರಿತೀರ ಅಕ್ಕ ಬರೆದದ್ದನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಅಡಾಪ್ಟರ್ ವಿಚಾರ ಅಲ್ಲಿಗೇ ಮುಗಿಯಿತು.

ಈಗ ಬೇಜಾರಿನ ಸುದ್ದಿ. ನಾಲ್ಕೂ ಚಕ್ರ ಅಳೆದೆ. 70.9, 70.8, 71, 70.9. ಮೂರು ಸಲ ಅಳೆದೆ. 1.701ರಿಂದ ಗುಣಿಸಿದರೆ 120.6 ಬರುತ್ತದೆ. ಇದು 127 ಅಲ್ಲ. ಇದೇನು?

ಆಗುಂಬೆಮಳೆ (ಡಿಟ್ರಾಯಿಟ್ ಹತ್ತಿರ)

ಅದು 5×4.75 ಇಂಚು. ಷೆವ್ರೊಲೆ ಕಾರುಗಳ ಅಳತೆ. ಕಮಾರೊ, ಷೆವೆಲ್, ಕಾರ್ವೆಟ್ ಎಲ್ಲಕ್ಕೂ ಅದೇ. 15×8 ಅಂತೀರಿ, ಹಾಗಾದರೆ ಕಾರ್ವೆಟ್ ಚಕ್ರ ಇರಬಹುದು, 1969ರಿಂದ ಅದಕ್ಕೆ ಅದೇ ಅಳತೆಯ ರ‍್ಯಾಲಿ ವೀಲ್ ಬರುತ್ತಿತ್ತು. ಕಣ್ಣಿಗೆ ಎರಡೂ ಒಂದೇ ಥರ. ಪಿಕಪ್ ಚಕ್ರವನ್ನೂ ಕಾರಿನ ಚಕ್ರವನ್ನೂ ಪಕ್ಕದಲ್ಲಿಟ್ಟರೂ ಗೊತ್ತಾಗುವುದಿಲ್ಲ, ಅಳೆದೇ ನೋಡಬೇಕು.

4.75 ಸುತ್ತಿಗೆ ಕೊರೆದ ಹೊಸ ಡಿಸ್ಕ್, ಹೊಸ ಆಕ್ಸಲ್ ಕೂಡ ಈ ಗಾಡಿಗೆ ಸಿಗುತ್ತವೆ. ಆದರೆ ನಾನು ಒಪ್ಪುವುದಿಲ್ಲ. ಆ ಚಕ್ರ ಮಾಡಿದ್ದು ಕಾರಿನ ಭಾರಕ್ಕೆ. ನೀವು ತೊಟ್ಟಿಗೆ ಅರ್ಧ ಟನ್ ಮರಳು ತುಂಬಿದ ದಿನ ಆ ಚಕ್ರ ಎಷ್ಟು ತಡೆಯುತ್ತದೆ? ಪಿಕಪ್‌ಗೆ ಪಿಕಪ್ ಚಕ್ರವೇ ಸರಿ. 5×5ರಲ್ಲಿ ಜಿಎಂ ಪಿಕಪ್‌ಗಳಿಗೆ ಬಂದ 15×8 ರ‍್ಯಾಲಿ ವೀಲ್ ಇವೆ, ಗುಜರಿಯಲ್ಲಿ ಹುಡುಕಿದರೆ ಸಿಗುತ್ತವೆ. ನಿಮ್ಮ ಹತ್ತಿರ ಇರುವುದು ಕಾರ್ವೆಟ್ ಚಕ್ರವೇ ಆಗಿದ್ದರೆ ಕಾರ್ವೆಟ್ ಇಟ್ಟುಕೊಂಡವರು ಬಂದು ತಗೊಂಡು ಹೋಗುತ್ತಾರೆ. ನಷ್ಟ ಏನೂ ಇಲ್ಲ.

ಆರುಬೋಲ್ಟು (ಸ್ಯಾಕ್ರಮೆಂಟೊ)

ನಾನು ಬೇರೆ ಮಾತು ಹೇಳಬೇಕು. ಯಾಕೆ ಬದಲಿಸಬೇಕು? 6 ಬೋಲ್ಟು ಈ ಗಾಡಿಯ ಗುರುತು. ಮಧ್ಯದಲ್ಲಿ ಸಣ್ಣ ಹೊಳೆಯುವ ಬಟ್ಟಲು, ಸುತ್ತ ಬಿಳಿ ಬಣ್ಣ ಹೊಡೆದ ಉಕ್ಕಿನ ಚಕ್ರ, ಅದರಲ್ಲಿ ಆರು ನಟ್ಟು. ನಾನು ಈ ಗಾಡಿ ಇಷ್ಟಪಟ್ಟದ್ದೇ ಅದಕ್ಕೆ. 6 ಬೋಲ್ಟು ಉಳಿಸಿಕೊಂಡೇ ಡಿಸ್ಕ್ ಬ್ರೇಕ್ ಹಾಕುವ ಕಿಟ್ ಕೂಡ ಇದೆ, ನಾನು ಅದನ್ನೇ ಹಾಕಿದ್ದೇನೆ. ಆಕ್ಸಲ್ ಮುಟ್ಟಲೇ ಇಲ್ಲ.

6×139.7 ಇವತ್ತಿಗೂ ಜೀವಂತ ಇದೆ ಅನ್ನುವುದು ಮರೆಯಬೇಡಿ. ಈಗಿನ ಷೆವ್ರೊಲೆ ಪಿಕಪ್ ಸಿಲ್ವೆರಾಡೊ 1500 ಅದೇ, ಟೊಯೊಟಾ ಟಕೋಮಾ ಅದೇ, ನಮ್ಮ ಬಿಡದಿಯಲ್ಲಿ ತಯಾರಾಗುವ ಫಾರ್ಚೂನರ್ ಕೂಡ ಅದೇ. ಬಿಡದಿ ಕಾರ್ಖಾನೆಯಿಂದ ಹೊರಬರುವ ಗಾಡಿಗೂ ನನ್ನ 1968ರ ಪಿಕಪ್‌ಗೂ ಒಂದೇ ಪಿಸಿಡಿ ಅಂತ ಗೊತ್ತಾದ ದಿನ ನಿಜಕ್ಕೂ ಖುಷಿಯಾಗಿತ್ತು.

ಆದರೆ ಎಚ್ಚರಿಕೆಯೂ ಹೇಳುತ್ತೇನೆ. ಬೋಲ್ಟು ಹೊಂದಿದ ಮಾತ್ರಕ್ಕೆ ಚಕ್ರ ಕೂರುವುದಿಲ್ಲ. ನಡುವಿನ ತೂತು ನೋಡಬೇಕು. ಈಗಿನ ಸಿಲ್ವೆರಾಡೊ ಚಕ್ರದ ನಡುತೂತು 78.1 ಮಿಮೀ, ಫಾರ್ಚೂನರಿನದ್ದು 106. ನನ್ನ ಗಾಡಿಯ ಹಬ್ಬು ದಪ್ಪ, ಸಿಲ್ವೆರಾಡೊ ಚಕ್ರ ಅದರ ಮೇಲೆ ಏರಲೇ ಇಲ್ಲ. ಸಾಲದ್ದಕ್ಕೆ ಹೊಸ ಚಕ್ರಗಳೆಲ್ಲ ಒಳಕ್ಕೆ ಜಾಸ್ತಿ ಹೋಗುತ್ತವೆ, ಸ್ಟೀರಿಂಗ್ ರಾಡಿಗೆ ತಾಗುವ ಭಯ.

ಕಬ್ಬಿನಗದ್ದೆ (ಆಸ್ಟಿನ್, ಟೆಕ್ಸಾಸ್)

ಆರುಬೋಲ್ಟು ಅವರೇ, ನಿಮ್ಮ ಮಾತು ಎರಡು ದಿನ ತಲೆಯಲ್ಲಿ ಕೊರೆಯಿತು. ಬಿಳಿ ಚಕ್ರದ ಫೋಟೋ ನೋಡಿ ಮನಸ್ಸು ಆ ಕಡೆಗೂ ಎಳೆಯಿತು. ಆದರೆ ನನ್ನ ಹಿಂದಿನ ಆಕ್ಸಲ್ ಹೇಗೂ ಬಿಚ್ಚಲೇಬೇಕು, ಎಡಗಡೆ ಆಯಿಲ್ ಸೀಲ್ ಸೋರಿ ಬ್ರೇಕ್ ಲೈನರ್ ಎಲ್ಲ ಎಣ್ಣೆಯಾಗಿದೆ. ಬಿಚ್ಚಿದ ಮೇಲೆ ಒಂದೇ ಸಲ 5 ಬೋಲ್ಟಿಗೆ ಹೋಗೋಣ ಅಂತ ತೀರ್ಮಾನ ಮಾಡಿದೆ. 5×5. ಮುಂದೆ ಡಿಸ್ಕ್.

ಆಗುಂಬೆಮಳೆ ಸರ್, ಹಿಂದಿನ ಆಕ್ಸಲ್ ತೆಗೆಯುವುದು ಹೇಗೆ ಅಂತ ಬಿಡಿಸಿ ಹೇಳುತ್ತೀರಾ?

ಆಗುಂಬೆಮಳೆ (ಡಿಟ್ರಾಯಿಟ್ ಹತ್ತಿರ)

ಖಂಡಿತ. ಮೊದಲು ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್ ಡಬ್ಬಿ) ಹಿಂದಿನ ಮುಚ್ಚಳದ ಬೋಲ್ಟು ಎಣಿಸಿ. 12 ಇದ್ದರೆ ಜಿಎಂನ ಹನ್ನೆರಡು ಬೋಲ್ಟಿನ ಆಕ್ಸಲ್, ನಾನು ಹೇಳುವುದು ಅದರ ವಿಚಾರ. ಬೇರೆ ಸಂಖ್ಯೆ ಬಂದರೆ ನಿಲ್ಲಿಸಿ ಇಲ್ಲಿ ಫೋಟೋ ಹಾಕಿ.

ಗಾಡಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕಿ ನಂಬಬೇಡಿ. ಚಕ್ರ, ಡ್ರಮ್ಮು ತೆಗೆಯಿರಿ. ಕೆಳಗೆ ಅಗಲದ ಬಾಂಡ್ಲಿ ಇಟ್ಟು ಮುಚ್ಚಳ ಸಡಿಲಿಸಿ, ಹಳೆ ಗೇರ್ ಎಣ್ಣೆ ಇಳಿಯಲಿ. ಕೆಟ್ಟ ವಾಸನೆ, ಹಳೇ ಬಟ್ಟೆ ಹಾಕಿಕೊಳ್ಳಿ. ಒಳಗೆ ಸಣ್ಣ ಗೇರುಗಳ ನಡುವೆ ಒಂದು ಅಡ್ಡ ಪಿನ್ನು ಇರುತ್ತದೆ, ಅದನ್ನು ಹಿಡಿದಿರುವ ಒಂದು ಚಿಕ್ಕ ಬೋಲ್ಟು. ಈ ಚಿಕ್ಕ ಬೋಲ್ಟನ್ನು ಬಹಳ ನಿಧಾನವಾಗಿ ಬಿಚ್ಚಿ, 50 ವರ್ಷದ ಬೋಲ್ಟು, ಮುರಿದರೆ ಇಡೀ ದಿನ ಹೋಗುತ್ತದೆ. ಹಾಕುವಾಗ ಹೊಸದನ್ನೇ ಹಾಕಿ. ಅಡ್ಡ ಪಿನ್ನು ಎಳೆದ ಮೇಲೆ, ಹೊರಗಿನಿಂದ ಆಕ್ಸಲ್ಲನ್ನು ಅಂಗೈಯಲ್ಲಿ ಒಳಕ್ಕೆ ತಳ್ಳಿ. ಒಳತುದಿಯಲ್ಲಿ ಕುದುರೆ ಲಾಳದ ಆಕಾರದ ಒಂದು ಕ್ಲಿಪ್ಪು ಸಡಿಲವಾಗಿ ಕಾಣುತ್ತದೆ. ಅದನ್ನು ತೆಗೆದರೆ ಆಕ್ಸಲ್ ಹೊರಗೆ ಬರುತ್ತದೆ. ಎಳೆಯುವಾಗ ಭಾರ ಸೀಲಿನ ಮೇಲೆ ಬೀಳದ ಹಾಗೆ ಕೈ ಕೊಡಿ.

ಹಳೆಯದು ಹೊಸದು ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಮಲಗಿಸಿ. ಉದ್ದ ಒಂದೇ ಇರಬೇಕು. ತುದಿಯ ಹಲ್ಲು ಎಣಿಸಿ, ನನ್ನದರಲ್ಲಿ 30 ಇದ್ದವು. ನಡುವಿನ ಉಬ್ಬು ಹೊಸ ಡ್ರಮ್ಮಿನ ತೂತಿಗೆ ಕೂರುತ್ತದಾ ನೋಡಿ. ಡ್ರಮ್ಮು 5 ಬೋಲ್ಟಿನದ್ದು ತರಬೇಕು. ಒಳಗಿನ ಶೂ, ಹಿಂದಿನ ತಗಡು ನನಗೆ ಹಳೆಯದೇ ಆಯಿತು.

ಗುಜರಿಯಿಂದ ಆಕ್ಸಲ್ ತರುವವರಿಗೆ ಒಂದು ವಿಷಯ. ಈ ಆಕ್ಸಲ್ಲಿನಲ್ಲಿ ಬೇರಿಂಗ್ ರೋಲರುಗಳು ಆಕ್ಸಲ್ ಮೈ ಮೇಲೇ ನೇರವಾಗಿ ಉರುಳುತ್ತವೆ, ಮಧ್ಯೆ ಬೇರೆ ರಿಂಗ್ ಇಲ್ಲ. ಹಾಗಾಗಿ ಬೇರಿಂಗ್ ಕೂರುವ ಜಾಗದ ಮೇಲೆ ಉಗುರು ಆಡಿಸಿ. ಉಗುರು ತಡೆದರೆ, ಗೆರೆ ಬಿದ್ದಿದೆ ಅಂತ ಅರ್ಥ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ತಗೋಬೇಡಿ.

ಅಳತೆಪಟ್ಟಿ (ಪೀಣ್ಯ, ಬೆಂಗಳೂರು)

ಬ್ರೇಕ್ ಪೆಡಲ್ ಒತ್ತಿದಾಗ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಮರೆಯಬೇಡಿ. ನಾಲ್ಕೂ ಡ್ರಮ್ ಇರುವ ಗಾಡಿಯ ಮಾಸ್ಟರ್‌ನಲ್ಲಿ ಪೈಪಿನೊಳಗೆ ಸುಮಾರು 10 ಪಿಎಸ್‌ಐ ಒತ್ತಡ ಯಾವಾಗಲೂ ಉಳಿಸುವ ಸಣ್ಣ ವಾಲ್ವ್ ಇರುತ್ತದೆ. ಡ್ರಮ್ಮಿನಲ್ಲಿ ಶೂ ಎಳೆಯುವ ಸ್ಪ್ರಿಂಗ್ ಇದೆ, ನಡೆಯುತ್ತದೆ. ಡಿಸ್ಕಿನಲ್ಲಿ ಸ್ಪ್ರಿಂಗ್ ಇಲ್ಲ, ಪ್ಯಾಡು ಹಾಗೇ ಉಜ್ಜುತ್ತಾ ಇರುತ್ತದೆ. ಮುಂದೆ ಡಿಸ್ಕ್ ಹಿಂದೆ ಡ್ರಮ್ ಇರುವ ಗಾಡಿಯ ಮಾಸ್ಟರನ್ನೇ ಹಾಕಿ. ಜೊತೆಗೆ ಹಿಂದಿನ ಬ್ರೇಕಿನ ಒತ್ತಡವನ್ನು ಮಿತಿಯಲ್ಲಿಡುವ ವಾಲ್ವ್ ಬೇಕು, ಇಲ್ಲದಿದ್ದರೆ ಖಾಲಿ ತೊಟ್ಟಿಯ ಗಾಡಿ ಜೋರು ಬ್ರೇಕಿಗೆ ಹಿಂದೆ ಜಾರುತ್ತದೆ.

ಕಾವೇರಿತೀರ (ಫೀನಿಕ್ಸ್)

ಮುಂದೆ ಹಿಂದೆ ಒಟ್ಟಿಗೇ ಮಾಡಿ ಮುಗಿಸಿ. ಮುಂದಿನದು ಮಾಡಿ ಹಿಂದಿನದು ಆಮೇಲೆ ಅಂತ ಬಿಡಬೇಡಿ. ನಮ್ಮದು ಮೂರು ತಿಂಗಳು ಹಾಗೇ ಇತ್ತು. ಮುಂದೆ 5, ಹಿಂದೆ 6. ಎರಡೆರಡು ಸ್ಟೆಪ್ನಿ ಹೊತ್ತುಕೊಂಡು ತಿರುಗಿದೆವು.

ಕಬ್ಬಿನಗದ್ದೆ (ಆಸ್ಟಿನ್, ಟೆಕ್ಸಾಸ್)

ಎರಡೂವರೆ ತಿಂಗಳಾಯಿತು, ಕೆಲಸ ಮುಗಿದಿದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ರ‍್ಯಾಲಿ ವೀಲ್ ನಾಲ್ಕನ್ನೂ ಕಾರ್ವೆಟ್ ಇರುವ ಒಬ್ಬರು ಬಂದು ತಗೊಂಡರು. ಆ ದುಡ್ಡಿಗೆ 5×5ರ ಐದು ಚಕ್ರ ಬಂದವು, ಸ್ಟೆಪ್ನಿ ಸೇರಿ. ಪ್ರತಿಯೊಂದನ್ನೂ ಅಲ್ಲೇ ಅಳೆದೆ. ಒಂದು 74.5, ಉಳಿದವು 74.6. ಮಾರುವವರು ಬೇಜಾರಿಲ್ಲದೆ ಕಾಯುತ್ತಾ ನಿಂತಿದ್ದರು.

ಹಿಂದೆ 12 ಬೋಲ್ಟಿನ ಮುಚ್ಚಳವೇ ಇತ್ತು. ಗುಜರಿಯಲ್ಲಿ ಮೊದಲು ಸಿಕ್ಕ ಆಕ್ಸಲ್ ಹೊಳೆಯುತ್ತಿತ್ತು, ತೆಗೆದುಕೊಂಡೇ ಬಿಡೋಣ ಅಂದುಕೊಂಡೆ. ಉಗುರು ಆಡಿಸಿದೆ. ಟಕ್ ಅಂತ ತಡೆಯಿತು. ಅಲ್ಲೇ ಬಿಟ್ಟು ಬಂದೆ, ಕೊನೆಗೆ ಹೊಸ ಜೋಡಿಯನ್ನೇ ತರಿಸಿದೆ. ನನ್ನ ಹಳೆ ಎಡ ಆಕ್ಸಲ್ಲಿನಲ್ಲೂ ಅದೇ ಜಾಗದಲ್ಲಿ ಗೆರೆ ಬಿದ್ದು ತಗ್ಗಾಗಿತ್ತು. ಬೇರಿಂಗ್ ಅಲುಗಾಡಿ ಸೀಲ್ ಸೋರುತ್ತಿದ್ದದ್ದು ಅದಕ್ಕೇ. ಚಿಕ್ಕ ಬೋಲ್ಟು ಮುರಿಯಲಿಲ್ಲ. ರಾತ್ರಿಯೇ ಎಣ್ಣೆ ಹಾಕಿ ನೆನೆಸಿಟ್ಟಿದ್ದೆ.

ಮುಂದೆ ಹಳೆ ಸ್ಪಿಂಡಲ್ (ಹಬ್ಬು ತಿರುಗುವ ದಂಡ) ಮೇಲೇ ಕೂರುವ ಡಿಸ್ಕ್ ಕಿಟ್ ಹಾಕಿದೆ. ತೊಂದರೆ ಆದದ್ದು ಇಲ್ಲೇ. ಅಳತೆಪಟ್ಟಿ ಸರ್ ಹೇಳಿದ್ದ ಮಾಸ್ಟರ್ ಸಿಲಿಂಡರ್ ಬರುವುದು ಎರಡು ವಾರ ತಡ ಅಂದರು. ತಡೆಯಲಾಗದೆ ಹಳೆ ಮಾಸ್ಟರ್‌ನಲ್ಲೇ ಬೀದಿಯ ಕೊನೆವರೆಗೆ ಓಡಿಸಿ ನೋಡಿದೆ. ವಾಪಸು ಬರುವಾಗ ಗಾಡಿ ಭಾರ ಎಳೆದ ಹಾಗೆ. ಇಳಿದು ಮುಂದಿನ ಚಕ್ರದ ಹತ್ತಿರ ಕೈ ತಂದರೆ ಕಾದ ಕಾವಲಿ. ಜಾಕಿ ಕೊಟ್ಟು ತಿರುಗಿಸಿದೆ, ತಿರುಗಲಿಲ್ಲ. ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನ ಬ್ಲೀಡರ್, ಅಂದರೆ ಎಣ್ಣೆ ಬಿಡುವ ಸ್ಕ್ರೂ, ಒಂದು ಸುತ್ತು ಬಿಚ್ಚಿದ ತಕ್ಷಣ ಚಿಮ್ಮಿದ ಹಾಗೆ ನಾಲ್ಕು ಹನಿ ಎಣ್ಣೆ ಬಂತು, ಚಕ್ರ ಸಲೀಸಾಗಿ ತಿರುಗಿತು. ಸರ್ ಹೇಳಿದ್ದ 10 ಪಿಎಸ್‌ಐ ಅದೇ. ಗಾಡಿ ನಿಲ್ಲಿಸಿ ಎರಡು ವಾರ ಕಾದೆ. ಸರಿಯಾದ ಮಾಸ್ಟರ್ ಮತ್ತು ವಾಲ್ವ್ ಹಾಕಿದ ಮೇಲೆ ಆ ತೊಂದರೆ ಇಲ್ಲ.

ಹೊಸ ಸ್ಟಡ್ಡುಗಳು 1/2 ಇಂಚಿನವು. ಹಳೆಯವು 7/16 ಇದ್ದವು, ಹಾಗಾಗಿ ಹಳೆ ನಟ್ಟು ಯಾವುದೂ ಬರಲಿಲ್ಲ, ಎಲ್ಲ ಹೊಸದು ತಂದೆ.

ಆಗುಂಬೆಮಳೆ (ಡಿಟ್ರಾಯಿಟ್ ಹತ್ತಿರ)

ತುಂಬಾ ಸಂತೋಷ! 1/2 ಇಂಚಿನ ಸ್ಟಡ್ಡಿಗೆ 75ರಿಂದ 85 ಅಡಿ-ಪೌಂಡ್ ಟಾರ್ಕ್ ಕೊಡಿ. ಒಂದು ಬಿಟ್ಟು ಒಂದು ನಟ್ಟು, ನಕ್ಷತ್ರ ಬರೆದ ಹಾಗೆ, ಎರಡು ಸುತ್ತಿನಲ್ಲಿ. 50 ಮೈಲಿ ಓಡಿದ ಮೇಲೆ ಮತ್ತೆ ಒಂದು ಸಲ. ಹೊಸ ಬಣ್ಣ ಹೊಡೆದ ಚಕ್ರ ಆದರೆ ಇದು ಬಿಡಲೇಬೇಡಿ, ನಟ್ಟಿನ ಕೆಳಗೆ ಬಣ್ಣ ಒತ್ತಿಕೊಂಡು ಸಡಿಲ ಆಗುತ್ತದೆ.

ಹೈವೇಹಕ್ಕಿ (ಡಲ್ಲಾಸ್)

ನನ್ನದೂ ಹೇಳಿಬಿಡುತ್ತೇನೆ. ಆ ಶನಿವಾರ ಚಕ್ರ ಬಿಚ್ಚಿದೆ. ಮೂರು ಕಡೆ ಸರಿಯಾಗಿತ್ತು. ಹಿಂದಿನ ಬಲಗಡೆ ಒಳಗಿನ ಒಂದು ನಟ್ಟು ಪಾನಾ ಇಟ್ಟ ತಕ್ಷಣ ಕಾಲು ಸುತ್ತು ತಿರುಗಿತು. ಅಕ್ಕಾ, ನೀವು ಬರೆಯದಿದ್ದರೆ ನಾನು ನೋಡುತ್ತಲೇ ಇರಲಿಲ್ಲ. ನಾನೂ ಆಕ್ಸಲ್ ಹುಡುಕಲು ಶುರು ಮಾಡಿದ್ದೇನೆ.

ಕಾವೇರಿತೀರ (ಫೀನಿಕ್ಸ್)

ಸದ್ಯ, ನೋಡಿದಿರಲ್ಲ. ಆಕ್ಸಲ್ ಸಿಗುವವರೆಗೆ ದೂರ ಓಡಿಸಬೇಡಿ ತಮ್ಮಾ.

ಕಬ್ಬಿನಗದ್ದೆ (ಆಸ್ಟಿನ್, ಟೆಕ್ಸಾಸ್)

62 ಮೈಲಿ ಆದ ಮೇಲೆ ಮತ್ತೆ ಟಾರ್ಕ್ ಇಟ್ಟು ನೋಡಿದೆ. ಎರಡು ನಟ್ಟು ಚೂರು ತಿರುಗಿದವು. ಸ್ಟೆಪ್ನಿಯನ್ನು ಮುಂದೆ ಒಂದು ಸಲ, ಹಿಂದೆ ಒಂದು ಸಲ ಹಾಕಿ ತೆಗೆದೆ, ಎರಡೂ ಕಡೆ ಕೂರುತ್ತದೆ. ಮಗಳು ಪಾನಾ ಹಿಡಿದು ಒಂದು ನಟ್ಟು ತಾನೇ ಬಿಗಿ ಮಾಡಿದಳು.

ಆರುಬೋಲ್ಟು ಅವರೇ, ನನ್ನ ಹಳೆ ನಾಲ್ಕು ಚಕ್ರ, ಹೊಳೆಯುವ ಬಟ್ಟಲು ಸಮೇತ, ಶೆಡ್ಡಿನಲ್ಲಿ ಒರೆಸಿ ಇಟ್ಟಿದ್ದೇನೆ. ಒಂದಕ್ಕೂ ಸೊಟ್ಟ ಇಲ್ಲ. ನಿಮಗೆ ಬೇಕು ಅಂದರೆ ದುಡ್ಡು ಬೇಡ, ಕಳಿಸುವ ಖರ್ಚು ಮಾತ್ರ ನೋಡಿಕೊಳ್ಳಿ.

ಆರುಬೋಲ್ಟು (ಸ್ಯಾಕ್ರಮೆಂಟೊ)

ಬೇಕು. ಕಳಿಸುವುದು ಬೇಡ, ಬರುವ ತಿಂಗಳು ತಂಗಿ ಮನೆಗೆ ಅಂತ ಆ ಕಡೆಗೇ ಬರುತ್ತೇನೆ. ಗಾಡಿಯನ್ನೂ ನೋಡಿದ ಹಾಗಾಗುತ್ತದೆ.